ದಾಕ್ಷಿಣ್ಯವಿಲ್ಲದ ಗಾಲಿ

ಅವಳಿಗೆ ರಸ್ತೆ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ. ಅಕ್ಕನ ಗಂಡ ಬಸ್ ಡ್ರೈವರು. ಅವತ್ತು ಭಾವ ಮುಖ ಊದಿಸಿಕೊಂಡು ಮನೆಗೆ ಬಂದ.

"ಮಾರ್ಕೆಟ್ ಸ್ಟಾಪಲ್ಲಿ ಮೇಷ್ಟ್ರೊಬ್ರ ಬಿಳಿ ಪ್ಯಾಂಟಿಗೆ ಕೆಸರು ಹಾರ್ತು. ಆಮೆ ಥರ ಹೋದ್ರೂ ಅಷ್ಟೇ. ಗಾಲಿ ಜಾಡಲ್ಲಿ ನೀರು ನಿಂತಿರುತ್ತೆ, ಬೈಗುಳ ಮಾತ್ರ ನಂಗೆ!"

"ಕೋತಿ ತಿಂದು ಮೇಕೆ ಬಾಯಿಗೆ ಒರೆಸಿದ ಹಾಗಾಯ್ತು," ಎಂದು ಅಕ್ಕ ನಕ್ಕಳು.

ಮರುದಿನ ಅವಳು ಸ್ಟಾಪಿಗೆ ಹೋಗಿ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಇಟ್ಟು ಅಳೆದಳು. ಡಾಂಬರು ಹಾಕಿ ಎರಡು ವರ್ಷವೂ ಆಗಿರಲಿಲ್ಲ. ಆಗಲೇ ಜಾಡು ಎರಡು ಬೆರಳು ಆಳ. ಕೆಳಗೆ ಕುಸಿದದ್ದು ಪಕ್ಕಕ್ಕೆ ಸರಿದು, ಅಂಚಿನಲ್ಲಿ ಹಿಟ್ಟಿನ ಮುದ್ದೆಯಂತೆ ಉಬ್ಬಿಕೊಂಡಿತ್ತು.

"ಬಿಸಿಲಮ್ಮ, ಬಿಸಿಲು! ಡಾಂಬರು ಮೆತ್ತಗಾಗುತ್ತೆ," ಎಂದರು ಪ್ರಯೋಗಾಲಯದ ಹಿರಿಯ ಎಂಜಿನಿಯರು.

"ಪಕ್ಕದ ಸ್ಟಾಪಿಗೇನು ಬೆಳದಿಂಗಳು ಬೀಳುತ್ತಾ ಸಾರ್? ಅದು ಚೆನ್ನಾಗೇ ಇದೆಯಲ್ಲ!"

ಅವರಿಗೂ ನಗು ಬಂತು. "ಸರಿ, ಪರೀಕ್ಷೆ ಮಾಡು."

ಗಾಲಿ ತುಳಿಯದ ಅಂಚಿನಿಂದ ಒಂದು ಹಲಗೆಯಷ್ಟು ಡಾಂಬರು ಕತ್ತರಿಸಿ ತಂದು, ಬಿಸಿ ಪೆಟ್ಟಿಗೆಯೊಳಗಿನ ಯಂತ್ರಕ್ಕೆ ಕೂರಿಸಿದಳು. ಪುಟ್ಟ ಗಾಲಿ ಅದರ ಮೇಲೆ ಹೋಗಿ ಬಂದು, ಹೋಗಿ ಬಂದು ಮಾಡತೊಡಗಿತು. ಸಂಜೆಯವರೆಗೆ ತಡೆಯಬೇಕಾದದ್ದು ಊಟದ ಹೊತ್ತಿಗೇ ಆಳವಾಗಿ ಜಾಡು ಬಿದ್ದು ಶರಣಾಯಿತು. ಉಳಿದ ಚೂರಿನಿಂದ ಡಾಂಬರು ಕರಗಿಸಿ ತೆಗೆದು ತೂಗಿದರೆ, ಬೇಕಾದ್ದಕ್ಕಿಂತ ಹೆಚ್ಚು. ಜಲ್ಲಿಯೋ ಹೊಳೆಗಲ್ಲಿನಂತೆ ನುಣುಪು.

"ಕಲ್ಲು ಒಂದನ್ನೊಂದು ಹಿಡ್ಕೊಂಡೇ ಇಲ್ಲ ಸಾರ್, ಡಾಂಬರಲ್ಲಿ ತೇಲಾಡ್ತಿವೆ. ಯಾವ ಪುಣ್ಯಾತ್ಮ ಇದನ್ನ ಒಪ್ಪಿದ್ನೋ!"

ಎಂಜಿನಿಯರು ಕನ್ನಡಕ ತೆಗೆದು ಒರೆಸಿದರು. "ಆ ಪುಣ್ಯಾತ್ಮ ನಾನೇ ಕಣಮ್ಮ."

ಅವಳು ನಾಲಿಗೆ ಕಚ್ಚಿಕೊಂಡಳು. ಕೆಲಸಕ್ಕೇ ಕುತ್ತು ಬಂತಲ್ಲ ಎನಿಸಿತು. ಅವರು ಮಾತ್ರ ಯಂತ್ರವನ್ನೇ ದಿಟ್ಟಿಸಿ ನೋಡಿ, ಗೊಳ್ಳನೆ ನಕ್ಕುಬಿಟ್ಟರು. "ನಿನ್ನ ಗಾಲಿಗೆ ದಾಕ್ಷಿಣ್ಯ ಅನ್ನೋದೇ ಇಲ್ವಲ್ಲ! ವರದಿ ಬರಿ. ನನ್ನ ತಪ್ಪನ್ನೂ ಬರಿ."

ಮುಂದಿನ ತಿಂಗಳು ಸ್ಟಾಪಿನ ಡಾಂಬರು ಕಿತ್ತು, ಚೂಪು ಅಂಚಿನ ಜಲ್ಲಿ, ಗಟ್ಟಿ ಡಾಂಬರಿನ ಹೊಸ ಮಿಶ್ರಣ ಹಾಸಿದರು. ಎಂಜಿನಿಯರು ರೋಲರಿನ ಪಕ್ಕದಲ್ಲೇ ನಿಂತು, ಬೆವರು ಸುರಿಸುತ್ತ, ಪ್ರತಿ ಲಾರಿಯ ಮಾಲನ್ನೂ ತಾವೇ ನೋಡಿ ಇಳಿಸಿಕೊಂಡರು.

ಭಾವ ಹೊಸ ರಸ್ತೆಯ ಮೇಲೆ ಬಸ್ಸು ಓಡಿಸಿ ಮನೆಗೆ ಬಂದ. ಅಕ್ಕ, ತಂಗಿ ಇಬ್ಬರೂ ಹೊಗಳಿಕೆಗೆ ಕಿವಿ ನೆಟ್ಟಗೆ ಮಾಡಿ ಕೂತಿದ್ದರು.

"ಚೆನ್ನಾಗೇನೋ ಇದೆ," ಎಂದ ಅವನು ಶೂ ಬಿಚ್ಚುತ್ತ. "ಆದ್ರೆ ಮುಂಚೆ ಜಾಡೇ ಬಸ್ಸನ್ನ ಎಳ್ಕೊಂಡು ಹೋಗಿ ಸ್ಟಾಪಿಗೆ ಸರಿಯಾಗಿ ನಿಲ್ಲಿಸ್ತಿತ್ತು. ಈಗ ಸ್ಟೇರಿಂಗ್ ನಾನೇ ತಿರುಗಿಸ್ಬೇಕು!"