ಒಂದು ಗೇಣಿನ ಒಲೆಬಾಯಿ

ಉಜ್ಜಿನಿಯ ಕೊಟ್ರಮ್ಮ ಹಾಕಿದ ಒಲೆಯ ಹೊಗೆ ಮನೆಯೊಳಗೆ ನಿಲ್ಲುವುದಿಲ್ಲ ಎಂಬುದು ಸುತ್ತಲ ಹತ್ತೂರಿಗೂ ಗೊತ್ತಿದ್ದ ಮಾತು. ಕೆಮ್ಮಣ್ಣು, ಹೊಟ್ಟು, ಸಗಣಿ ಕಲಸಿ ತುಳಿದು, ಎರಡು ದಿನ ನೆನೆಯಿಟ್ಟು ಅವಳು ಒಲೆ ಕಟ್ಟುತ್ತಿದ್ದಳು. ಹಿಂದೊಂದು ಕೊಳವೆ, ಹೊಗೆಯೆಲ್ಲ ಅದರೊಳಗೆ ಹೊಕ್ಕು ಮಾಳಿಗೆಯ ಮೇಲೆ ಹೋಗಬೇಕು. ಮನೆಮನೆಗೆ ಗ್ಯಾಸ್ ಬಂದ ಮೇಲೂ ರೊಟ್ಟಿಗೆಂದು, ಸ್ನಾನದ ನೀರಿಗೆಂದು ಜನ ಅವಳನ್ನು ಕರೆಯುವುದು ಬಿಟ್ಟಿರಲಿಲ್ಲ. ಅಂಥವಳ ಒಲೆ ಹೊಗೆ ಕಾರತೊಡಗಿದ್ದು ಬೇರೆಲ್ಲೂ ಅಲ್ಲ, ಸ್ವಂತ ಮಗಳ ಅತ್ತೆಮನೆಯಲ್ಲಿ.

ಹಡಗಲಿ ಕಡೆಯ ಆ ಊರಿನಿಂದ ಮಗಳು ಗಂಗಾಂಬಿಕಾ ಫೋನ್ ಮಾಡಿದ್ದಳು.

"ಅವ್ವಾ, ನೀ ಹಾಕಿದ ಒಲಿ ಒಂದ ಸಮನ ಹೊಗಿ ಕಾರಾಕತ್ತೈತಿ. ಅತ್ತಿ ಕೆಮ್ಮಿ ಕೆಮ್ಮಿ ಸುಸ್ತಾಗ್ಯಾರ. ಮನ್ಯಾಗ ಕಟ್ಟಿ ಮಾರೋ ಮಲ್ಲಿಗಿ ಹೂವಿಗೂ ಹೊಗಿ ವಾಸನಿ ಹತ್ತೇತಿ ಅಂತ ಹೂವಿನೋನು ಅಂದ್ನಂತ. ಶುಕ್ರವಾರ ಗೌಂಡಿನ್ನ ಕರಸಿ ಒಲಿ ಒಡಸ್ತಾರಂತ."

"ಅಷ್ಟ ಏನು?"

"ಅಷ್ಟ ಅಲ್ಲಬೇ. ನಿಮ್ಮವ್ವನ ಕೈಗುಣ ಇಷ್ಟ ಐತಿ ನೋಡು ಅಂತ ಅತ್ತಿ ಓಣಿ ಮಂದಿ ಮುಂದ ಅಂದ್ರು. ನೀರಿಗೆ ಹೋದ್ರ ಎಲ್ಲಾರೂ ನನ್ನ ಮಾರಿನ ನೋಡ್ತಾರ."

ಅವತ್ತು ಕೊಟ್ರಮ್ಮನಿಗೆ ಊಟ ಸೇರಲಿಲ್ಲ. ಒಲೆ ಒಡೆದರೆ ಒಂದಿಷ್ಟು ಮಣ್ಣು ಹೋದೀತು, ಹೋಗಲಿ. ತನ್ನ ಹೆಸರು ಕೆಡುವುದಲ್ಲದೆ ಮಗಳು ದಿನಾ ಆ ಮಾತು ಕೇಳಿಕೊಂಡು ಬಾಳಬೇಕಲ್ಲ ಎಂಬುದೇ ಅವಳ ಚಿಂತೆ. ಗುರುವಾರ ನಸುಕಿಗೇ ಎದ್ದು ಕರಣಿ, ಹಗ್ಗ, ಗೋಣಿಚೀಲ ಗಂಟು ಕಟ್ಟಿಕೊಂಡು, ಕೊಟ್ಟೂರಿನಲ್ಲೊಮ್ಮೆ ಹರಪನಹಳ್ಳಿಯಲ್ಲೊಮ್ಮೆ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಬೀಗರ ಮನೆ ಸೇರಿದಳು.

ಬೀಗತಿ ಅನ್ನದಾನಮ್ಮ ಕಾಲಿಗೆ ನೀರು ಕೊಟ್ಟಳು, ಚಹಾ ಕೊಟ್ಟಳು, ಅದರ ಜೊತೆಗೇ ಒಂದು ಚುಚ್ಚುಮಾತನ್ನೂ ಕೊಟ್ಟಳು.

"ಬರ್ರಿ ಬೀಗತ್ಯಾರ. ಹೊಗಿ ನೋಡಾಕ ಬಂದ್ರೇನು?"

ಅನ್ನದಾನಮ್ಮ ಮಡಿಗಿಂತ ಮಿಗಿಲಾಗಿ ಒಪ್ಪ ಓರಣದ ಹೆಂಗಸು. ಆ ಮನೆಯಲ್ಲಿ ಕಸಬರಿಗೆಗೂ ಒಂದು ಜಾಗ, ಒಂದು ಗೌರವ. ಒಲೆಯಂತೂ ಕೆಮ್ಮಣ್ಣಿನ ಮೈ, ಅಂಚಿಗೆ ಬಿಳಿ ರಂಗೋಲಿ ಎಳೆ, ಮದುಮಗಳ ಹಾಗೆ ಸಿಂಗರಿಸಿಕೊಂಡು ಕೂತಿತ್ತು. ಇಷ್ಟು ಚೆಂದದ ಒಲೆಯ ಬಾಯಿಂದ ಇಷ್ಟು ಕೆಟ್ಟ ಹೊಗೆ ಬರುವುದನ್ನು ಕೊಟ್ರಮ್ಮ ಜನ್ಮದಲ್ಲಿ ನೋಡಿರಲಿಲ್ಲ.

ಮೊದಲು ಕಟ್ಟಿಗೆ ನೋಡಿದಳು. ಎರಡು ಜಾಲಿ ತುಂಡು ಒಂದಕ್ಕೊಂದು ತಾಗಿಸಿದರೆ ಠಣ್ ಎಂದವು. ಚೆನ್ನಾಗಿ ಒಣಗಿದ ಕಟ್ಟಿಗೆಯೇ. ಬೂದಿ ತೆಗೆದು ನೋಡಿದಳು, ಅದೂ ತುಂಬಿರಲಿಲ್ಲ. ಅರವತ್ತರ ಹೆಂಗಸು, ಸೀರೆ ಕಚ್ಚೆ ಕಟ್ಟಿ ಏಣಿ ಹತ್ತಿ ಮಾಳಿಗೆಗೆ ಹೋದಳು. ಗೋಣಿಯಲ್ಲಿ ಕಲ್ಲು ಸುತ್ತಿ ಹಗ್ಗಕ್ಕೆ ಬಿಗಿದು ಕೊಳವೆಯೊಳಗೆ ಮೇಲೆ ಕೆಳಗೆ ಎಳೆದಾಡಿದಳು. ಒಂದು ಬುಟ್ಟಿ ಮಸಿ ಒಳಗೆ ಬಿತ್ತು, ಅರ್ಧ ಬುಟ್ಟಿ ಅವಳ ಮುಖಕ್ಕೇ ಬಂತು.

ಕೆಳಗೆ ಕಟ್ಟೆಯ ಮೇಲೆ ಆಗಲೇ ನಾಲ್ಕೈದು ಹೆಂಗಸರು ಸೇರಿದ್ದರು. ಪಕ್ಕದ ಮನೆಯ ಜಂಬಕ್ಕ ಎಲೆ ಅಡಿಕೆ ಬಾಯಿಗಿಟ್ಟುಕೊಂಡು ಕೇಳಿದಳು:

"ಹೊಗಿ ಹೋತೋ, ಇಲ್ಲಾ ನಿಮ್ಮ ಮಾರಿಗೆ ಹತ್ತೇತೋ?"

ಒಲೆ ಹೊತ್ತಿಸಿದರೆ ಮತ್ತದೇ ಹೊಗೆ. ಕೊಟ್ರಮ್ಮ ಬೆಂಕಿ ನಂದಿಸಿ, ಒಲೆ ತಣ್ಣಗಾಗುವ ತನಕ ಕಾದಳು. ಆಮೇಲೆ ಒಲೆಬಾಯಿಗೆ ಕೈ ಅಗಲಿಸಿ ಗೇಣು ಹಾಕಿದಳು. ತಾನು ಗೇಣಗಲ ಇಟ್ಟಿದ್ದ ಬಾಯಿಗೆ ಈಗ ಗೇಣು ಹಿಡಿಸಲಿಲ್ಲ, ಮುಷ್ಟಿ ಹೋಗುವುದೇ ಕಷ್ಟವಾಯಿತು. ಒಳಗೆ ಕೊಳವೆಗೆ ಹೋಗುವ ದಾರಿಯನ್ನು ನಾಲ್ಕು ಬೆರಳಗಲ ಬಿಟ್ಟಿದ್ದಳು. ಈಗ ಅಲ್ಲಿ ಒಂದೂವರೆ ಬೆರಳು.

ಅವಳಿಗೆ ಎಲ್ಲ ಹೊಳೆಯಿತು. ಒಲೆ ಹಾಕಿದಾಗಿನಿಂದ ನಾಲ್ಕು ವರ್ಷ, ಸೋಮವಾರ ಶುಕ್ರವಾರ ತಪ್ಪದೆ ಅನ್ನದಾನಮ್ಮ ಒಲೆ ಸಾರಿಸಿದ್ದಾಳೆ. ಹೊರಗಷ್ಟೇ ಅಲ್ಲ, ಕೈ ಹೋದಷ್ಟು ಒಳಗೂ. ಭಕ್ತಿಯಿಂದ ಸಾರಿಸಿ ಸಾರಿಸಿ ಒಲೆಯ ಗಂಟಲು ಕಟ್ಟಿಸಿದ್ದಾಳೆ, ಪುಣ್ಯಾತ್ಗಿತ್ತಿ!

ಕೊಟ್ರಮ್ಮನಿಗೆ ನಗು ಬಂತು, ಕೂಡಲೇ ಹೆದರಿಕೆಯೂ ಬಂತು. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಹೇಳಿಬಿಟ್ಟು ತಾನೇನೋ ಸಂಜೆಯ ಬಸ್ಸಿಗೆ ಹೋಗಬಹುದು; ಇರಬೇಕಾದವಳು ಗಂಗಾ. ಓಣಿಯ ಮುಂದೆ ಮುಖಭಂಗವಾದ ಅತ್ತೆ ನಾಳೆ ಸೊಸೆಯನ್ನು ಸುಮ್ಮನೆ ಬಿಟ್ಟಾಳೆಯೇ? ಬಾಗಿಲಲ್ಲಿ ನಿಂತಿದ್ದ ಮಗಳ ಮುಖ ನೋಡಿದಳು.

"ನಂದ ತಪ್ಪಾಗೈತ್ರಿ," ಎಂದಳು, ಕಟ್ಟೆಗೂ ಕೇಳುವ ಹಾಗೆ. "ಬಾಯಿ ಸಣ್ಣದಿಟ್ಟೀನಿ. ವಯಸ್ಸಾತು, ಅಳತಿ ತಪ್ತು."

ಒಲೆ ಹಾಕತೊಡಗಿದ ಮೂವತ್ತು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ಬಂದಿರಲಿಲ್ಲ. ಆಡಲು ಬಹಳ ಕಹಿಯಾಗಿತ್ತು. ಹೊರಗೆ ಜಂಬಕ್ಕ ಲೊಚಗುಟ್ಟಿದ್ದೂ ಕೇಳಿಸಿತು.

ಕರಣಿ ಹಿಡಿದು ಒಳಗೆಲ್ಲ ಕೆತ್ತಿದಳು. ಹೆಂಟೆ ಹೆಂಟೆಯಾಗಿ ಮಣ್ಣು ಕಳಚಿ ಬಿತ್ತು. ಗೇಣು ಸರಿಯಾಗಿ ಕೂರುವ ತನಕ ಕೆತ್ತಿ, ಕಿಟಕಿ ತೆಗೆಸಿ, ಸೀಮೆಎಣ್ಣೆ ಡಬ್ಬಿ ತರಹೊರಟ ಮಗಳನ್ನು ಗದರಿ, ತೆಂಗಿನ ನಾರಿನಿಂದ ಒಲೆ ಹೊತ್ತಿಸಿದಳು. ಉರಿ ಹಿಂದಕ್ಕೆ ವಾಲಿತು. ಒಳಗೆ ಒಂದೆಳೆ ಹೊಗೆಯಿಲ್ಲ. ಗಂಗಾ ಅಂಗಳಕ್ಕೆ ಹೋಗಿ ನೋಡಿ, ಹೊಗೆಯೆಲ್ಲ ಮಾಳಿಗೆಯ ಮೇಲೆ ಎಂದು ಹೇಳಿ, ಹಿಟ್ಟು ನಾದಲು ಕೂತಳು.

"ಬೀಗತ್ಯಾರ, ತಿಂಗಳಿಗೊಮ್ಮಿ ಕೊಳವಿ ಮಸಿ ತಗಸ್ರಿ. ಹೊರಗ ಬೇಕಾದಷ್ಟು ಸಾರಸ್ರಿ. ಒಳಗ ಮಾತ್ರ ಬ್ಯಾಡ, ಹೊಸಾ ಬಾಯಿ ನೋಡ್ರಿ, ತಡಿಯಾಂಗಿಲ್ಲ," ಎಂದಳು ಕೊಟ್ರಮ್ಮ.

ಅನ್ನದಾನಮ್ಮ ಅಷ್ಟರಲ್ಲಿ ನೆಲದ ಮೇಲಿನ ಒಂದು ಹೆಂಟೆಯನ್ನು ಎತ್ತಿಕೊಂಡು ಎರಡು ತುಂಡು ಮಾಡಿ ಬೆಳಕಿಗೆ ಹಿಡಿದಿದ್ದಳು. ಒಳಗೆ ಈರುಳ್ಳಿಯಂತೆ ಪದರು ಪದರು. ಬಾಯಂಚಿನ ಹೆಂಟೆ ಅದು. ನಡುನಡುವೆ ಹಬ್ಬಹಬ್ಬಕ್ಕೆ ತಾನೇ ಎಳೆದ ಬಿಳಿ ರಂಗೋಲಿಯ ಗೆರೆಗಳು.

"ಇದು ಹೋದ ಉಗಾದಿದು," ಎಂದು ಉಗುರಿನಿಂದ ತೋರಿಸಿದಳು. "ಇದು ದೀಪಾವಳಿದು." ಹೆಂಟೆ ಪೂರ್ತಿ ನೋಡಿ ಮುಗಿಸಿ ಕೊಟ್ರಮ್ಮನ ಕಡೆ ತಿರುಗಿದಳು. "ಬೀಗತ್ಯಾರ, ನಿಮಗ ಒಲಿ ಹಾಕಾಕ ಬರ್ತೈತಿ. ಸುಳ್ಳು ಹೇಳಾಕ ಬರಾಂಗಿಲ್ಲ."

ಕೊಟ್ರಮ್ಮ ತಡೆಯುವಷ್ಟರಲ್ಲಿ ಅವಳು ಹೆಂಟೆ ಹಿಡಿದು ಹೊರಗೆ ಹೋಗಿ, ಜಂಬಕ್ಕನ ಮಡಿಲಿಗೇ ಅದನ್ನು ಹಾಕಿದಳು.

"ನೋಡವಾ, ಹೋದ ವಾರ ಬೀಗತಿ ಕೈಗುಣ ಸುಮಾರು ಅಂತ ನಿನಗ ನಾನ ಹೇಳಿದ್ನಲ್ಲ? ಇದು ಆಕಿ ಕೈ ಅಲ್ಲ. ಒಲಿ ಬಾಯಿ ಮುಚ್ಚಿದಾಕಿ ನಾನು. ಅದನ್ನ ಎಷ್ಟು ಮನಿಗೆ ಹೇಳಿಯೋ, ಇದನ್ನೂ ಅಷ್ಟೂ ಮನಿಗೆ ಹೇಳಿ ಬಾ, ಹೋಗು."

ಒಳಗೆ ಗಂಗಾ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಈಗ ಮತ್ತೆ ಶುರುವಾಯಿತು, ಮೂರು ಮನೆಗೆ ಕೇಳುವಷ್ಟು ಜೋರಾಗಿ.