ಎರಡನೆಯ ಮೆಟ್ಟಿಲು

ಮಸೀದಿಯೊಳಗೆ ಯಾರೂ ಇಲ್ಲವೆಂದು ಎರಡೆರಡು ಸಲ ನೋಡಿಕೊಂಡು ನಾಗೇಂದ್ರಾಚಾರಿ ಮಿಂಬರಿನ ಎರಡನೆಯ ಮೆಟ್ಟಿಲಿಗೆ ಕಿವಿ ಹಚ್ಚಿದ. ಬೆರಳ ಗೆಣ್ಣಿನಿಂದ ತಟ್ಟಿದ. ಮೊದಲನೆಯ ಮೆಟ್ಟಿಲೂ ಮೂರನೆಯದೂ ಆಗಲೇ ಠಣ್ಣೆಂದು ಉತ್ತರ ಕೊಟ್ಟಿದ್ದವು. ಇದು ಮಾತ್ರ ನೆಗಡಿಯಾದವನ ಹಾಗೆ ಮೂಗಿನಲ್ಲಿ ಗುಂಯ್ ಎಂದಿತು. ಅಂಗೈ ಊರಿ ಮೈಭಾರ ಬಿಟ್ಟ. ಒಳಗೆಲ್ಲೋ ಮರಕ್ಕೆ ಮರ ಕಚ್ಚಿ ಕೂತ ಜಾಗದಲ್ಲಿ ಸಣ್ಣಗೆ ಕಿರ್ ಎಂದಿತು, ಥಟ್ಟನೆ ಕೈ ಎತ್ತಿಕೊಂಡ.

"ಏನ್ ಆಚಾರ್ರೇ, ಬೆಳ್ಬೆಳಗ್ಗೇನೇ ಬಂದ್ಬುಟ್ಟಿದ್ದೀರಿ?"

ಬಾಗಿಲಲ್ಲಿ ಖಲಂದರ್ ಸಾಹೇಬರು ನಿಂತಿದ್ದರು. ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರಾಗಿದ್ದು ನಿವೃತ್ತರಾದವರು, ಈಗ ಮಸೀದಿ ಕಮಿಟಿಯ ಸೆಕ್ರೆಟರಿ. ಕೈಯಲ್ಲಿ ಮಡಿಸಿದ ಜಮಖಾನಗಳಿದ್ದವು.

"ಪಾಲಿಷ್ ನೋಡಣ ಅಂತ ಬಂದೆ ಸಾಬ್ರೇ. ಮಳೆಗಾಲ ಅಲ್ವಾ, ಮಬ್ಬಾಗಿರ್ತದೆ."

"ಮಬ್ಬಾ? ಕನ್ನಡಿ ಇದ್ದಂಗದೆ. ಅನ್ನೊಂದಕ್ಕೆ ಪ್ರೋಗ್ರಾಂ. ನಿಮ್ಗೂ ಶಾಲು ಐತೆ ಇವತ್ತು, ಅತ್ತಗ್ ಇತ್ತಗ್ ಓಗ್ಬುಟ್ಟೀರಿ."

ಶುಕ್ರವಾರದ ನಮಾಜಿಗೆ ಮುಂಚೆ ಇಮಾಮರು ಏರಿ ನಿಂತು ಪ್ರವಚನ ಹೇಳುವ ಮೂರು ಮೆಟ್ಟಿಲ ಪೀಠವೇ ಮಿಂಬರು. ಪಾಂಡವಪುರದ ಈ ಮಸೀದಿಗೆ ಹೊಸ ಮಿಂಬರು ಮಾಡಿಕೊಟ್ಟು ಮೂರು ಶುಕ್ರವಾರ ಕಳೆದಿತ್ತು. ಇದು ಪ್ರವಾದಿಯವರು ಹುಟ್ಟಿದ ತಿಂಗಳು. ಊರಿನ ಎಲ್ಲರನ್ನೂ ಮಸೀದಿಯೊಳಕ್ಕೆ ಕರೆದು, ಪ್ರವಾದಿಯವರ ಜೀವನ ಎಂಥದ್ದಿತ್ತೆಂದು ಕನ್ನಡದಲ್ಲಿ ಹೇಳಿಸಿ, ಊಟ ಹಾಕಿ ಕಳಿಸಬೇಕೆಂಬುದು ಖಲಂದರ್ ಸಾಹೇಬರ ಬಹಳ ದಿನದ ಆಸೆ. ಆ ದಿನ ಬಂದಿತ್ತು. ನಾಗೇಂದ್ರನಿಗೆ ಮಾತ್ರ ಅದು ಬರದೇ ಇದ್ದಿದ್ದರೆ ಚೆನ್ನಾಗಿತ್ತು.

ಆದದ್ದು ಇಷ್ಟು. ಮಿಂಬರಿಗೆಂದೇ ಅವನು ಆರು ವರ್ಷ ಅಟ್ಟದ ಮೇಲೆ ಒಣಗಿಸಿದ್ದ ಹೊನ್ನೆ ಮರದ ತುಂಡುಗಳನ್ನು ಇಳಿಸಿದ್ದ. ಹೊರಗೆಲ್ಲ ತೇಗ, ಒಳಗೆ ಮೆಟ್ಟಿಲ ಭಾರ ಹೊರುವುದಕ್ಕೆ ಹೊನ್ನೆ. ಮೊದಲ ಶುಕ್ರವಾರಕ್ಕೆ ನಾಲ್ಕೇ ದಿನ ಇರುವಾಗ ಕೊನೆಯ ತುಂಡು ಕೊಯ್ದು ನೋಡಿದರೆ ಒಳಗೆಲ್ಲ ಹುಳು ತಿಂದು ಹಿಟ್ಟು. ಹೊರಗೆ ಜಡಿಮಳೆ. ಕಿರಂಗೂರಿನ ಹತ್ತಿರದ ಸಾಮಿಲ್ಲಿಗೆ ಓಡಿದ. ಮಿಲ್ಲಿನವನು ಒಂದು ಹೊನ್ನೆ ತುಂಡು ಎಳೆದು ಹಾಕಿ, "ಆಚಾರ್ರೇ, ಇದು ಅಸಿ. ಕಡ್ದು ಇನ್ನೂ ಎರಡ್ ತಿಂಗ್ಳಾಗಿಲ್ಲ. ಭಾರ ಬೀಳೋ ಕಡೀಕೆ ಆಕ್ಬ್ಯಾಡಿ," ಎಂದೂ ಹೇಳಿದ. ಹಸಿ ಮರ ಒಣಗುತ್ತಾ ಕುಗ್ಗುತ್ತದೆ, ಕಚ್ಚು ಸಡಿಲಾಗುತ್ತದೆ. ಇದು ಆಚಾರಿಗಳ ಮನೆಯಲ್ಲಿ ತೊಟ್ಟಿಲಲ್ಲಿರುವಾಗಲೇ ಕಲಿಯುವ ಪಾಠ. ಆದರೂ ತಂದ, ಹಾಕಿದ, ಮೇಲೆ ಒಣಗಿದ ತೇಗದ ಹಲಗೆ ಜಡಿದು ಮುಚ್ಚಿದ. ಎರಡನೆಯ ಮೆಟ್ಟಿಲು. ಎಲ್ಲರೂ ಹಜ್ರತ್ ಎಂದು ಕರೆಯುವ ಇಮಾಮರು ನಿಲ್ಲುವುದು ಅದರ ಮೇಲೆಯೇ. ಎಪ್ಪತ್ತು ದಾಟಿದ ಭಾರದ ಆಳು, ಎರಡೂ ಮಂಡಿ ಸವೆದಿವೆ.

ಅಂದಿನಿಂದ ಶುಕ್ರವಾರ ಮಧ್ಯಾಹ್ನವಾದರೆ ನಾಗೇಂದ್ರ ಗರಗಸದ ಮಿಷನ್ನು ನಿಲ್ಲಿಸಿ ಮಸೀದಿಯ ಮೈಕಿನ ಕಡೆ ಕಿವಿಗೊಟ್ಟು ಕೂರುತ್ತಿದ್ದ. ಹಜ್ರತ್ ಒಂದು ಗಳಿಗೆ ಮಾತು ನಿಲ್ಲಿಸಿದರೂ ಇವನಿಗೆ ಜೀವ ಬಾಯಿಗೆ ಬರುತ್ತಿತ್ತು. ಕಳೆದ ಶುಕ್ರವಾರ ಸಂಜೆ ಖಲಂದರ್ ಸಾಹೇಬರು ಅಂಗಡಿಗೇ ಬಂದು ಸಂತೋಷದಿಂದ ಹೇಳಿದ್ದರು:

"ಇವತ್ತು ಹಜ್ರತ್ ಹತ್ತುವಾಗ ಮಿಂಬರು ಕಿರ್ ಅಂತು ಆಚಾರ್ರೇ. ನಂಗೆ ಮೈ ಜುಂ ಅಂತು. ನಮ್ ಪ್ರವಾದಿ ಹುಜೂರ್ ಮೊದ್ಲು ಒಂದು ಖರ್ಜೂರದ ಮರದ ಬೊಡ್ಡೆಗೆ ಒರಗ್ಕಂಡು ಪ್ರವಚನ ಹೇಳೋರಂತೆ. ಹೊಸ ಮಿಂಬರು ಬಂತು, ಅದನ್ನ ಬುಟ್ಟು ಮಿಂಬರು ಹತ್ತಿದ್ರು. ಆ ಬೊಡ್ಡೆ ಮಗು ಅತ್ತಂಗೆ ಅತ್ತಿತಂತೆ. ಅವ್ರೇ ಇಳ್ದು ಬಂದು ಅದರ ಮೈ ಸವರಿ ಸಮಾಧಾನ ಮಾಡಿದ್ರು. ನಮ್ದು ಮರಕ್ಕೂ ಜೀವ ಐತೆ ಅಂತ ಎಲ್ಲಾರ್ಗೂ ಹೇಳ್ದೆ."

ಆ ರಾತ್ರಿ ನಾಗೇಂದ್ರ ಅರ್ಧ ಊಟಕ್ಕೇ ತಟ್ಟೆ ಸರಿಸಿ ಎದ್ದ. ಹೆಂಡತಿ ರಾಧಾಮಣಿಯ ಮುಂದೆ ಎಲ್ಲವನ್ನೂ ಹೇಳಿಕೊಂಡ. ಅವಳು ತಟ್ಟೆ ತೊಳೆಯುವುದನ್ನು ಬಿಟ್ಟು ಎದ್ದು ಬಂದಳು.

"ಬುದ್ಧಿ ಐತಾ ನಿಮ್ಗೆ? ಬಾಯಿ ಬುಟ್ಟೀರಿ ಎಲ್ಲಾದ್ರೂ. ಕಾಲ ಇಂಗೈತೆ. ಮಸೀದಿ ಕೆಲ್ಸ ಅಂತ ಬೇಕಂತ್ಲೇ ಮಾಡ್ದ ಅಂತಾರೆ ಅವ್ರು. ನಮ್ ಕಡೆಯೋರು ಬಂದು ಒಳ್ಳೇದೇ ಮಾಡ್ದೆ ಬುಡು ಅಂತ ಬೆನ್ ತಟ್ತಾರೆ. ಎರಡೂ ಬ್ಯಾಡ ನಮ್ಗೆ. ರಿಪೇರಿ ನೆಪ ಏಳಿ ಸದ್ದಿಲ್ದೆ ಬದ್ಲಾಯ್ಸಿ."

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನೆಪ ಹೇಳುವುದಕ್ಕೇ ಅವನು ಈ ಬೆಳಿಗ್ಗೆ ಉಳಿ, ಕೊಡತಿ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಆದರೆ ಜಮಖಾನ ಹಾಸುತ್ತಿದ್ದ ಸಾಹೇಬರ ಮುಖ ನೋಡಿ ರಿಪೇರಿಯ ಮಾತು ಎತ್ತಲಿಲ್ಲ. ಚೀಲವನ್ನು ಕಂಬದ ಹಿಂದೆ ಇಟ್ಟು, ತಾನೂ ಒಂದು ಕೊನೆ ಹಿಡಿದು ಜಮಖಾನ ಹಾಸಿದ.

ಹನ್ನೊಂದಕ್ಕೆ ಮಸೀದಿ ತುಂಬಿತು. ಜೀವನದಲ್ಲಿ ಮೊದಲ ಸಲ ಮಸೀದಿಯೊಳಗೆ ಕಾಲಿಟ್ಟವರೇ ಹೆಚ್ಚು. ಎಲ್ಲಿ ಕೂರಬೇಕು, ಕಾಲು ಎತ್ತ ಚಾಚಬೇಕು ತಿಳಿಯದೆ ಮದುವೆಮನೆಗೆ ಬಂದ ಹೊಸ ಬೀಗರ ಹಾಗೆ ಮುದುರಿ ಕೂತಿದ್ದರು. ಭಾಷಣಕ್ಕೆ ಕರೆಸಿದ್ದು ಶಾರದ ಮೇಡಂ ಅವರನ್ನು. ದೇವಸ್ಥಾನದ ಪೂಜೆಯ ಮನೆತನದವರು, ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ನಾಗೇಂದ್ರನಿಗೂ ಎಂಟನೇ ಕ್ಲಾಸಿನಲ್ಲಿ ಹೇಳಿದ್ದರು, ಹೊಡೆದೂ ಇದ್ದರು. ಅವರು ಪ್ರವಾದಿಯವರ ಹೆಸರು ಹೇಳಿದಾಗಲೆಲ್ಲ ಸಾಲುಗಳಿಂದ ಮೆಲ್ಲಗೆ ಒಂದು ಗುನುಗು ಏಳುತ್ತಿತ್ತು. ಮೊದಲ ಸಲ ತಾನೇನೋ ತಪ್ಪು ಹೇಳಿದೆನೆಂದು ಮೇಡಂ ಗಾಬರಿಯಾಗಿ ಕಾಗದ ನೋಡಿಕೊಂಡರು. ಅದು ಪ್ರವಾದಿಯವರ ಮೇಲೆ ಶಾಂತಿ ಕೋರುವ ಮಾತೆಂದು ಖಲಂದರ್ ಸಾಹೇಬರು ಕಿವಿಯಲ್ಲಿ ಹೇಳಿದ ಮೇಲೆ, ಪ್ರತಿ ಸಲವೂ ನಿಂತು, ಗುನುಗು ಮುಗಿದ ನಂತರ ಮುಂದುವರಿಸಿದರು.

ಯುದ್ಧ, ರಾಜ್ಯ ಯಾವುದನ್ನೂ ಮೇಡಂ ಎತ್ತಿಕೊಳ್ಳಲಿಲ್ಲ. ಪ್ರವಾದಿಯವರು ಕಿತ್ತುಹೋದ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಬಟ್ಟೆಗೆ ತೇಪೆ ಹಾಕಿಕೊಳ್ಳುತ್ತಿದ್ದರು, ಆಡಿನ ಹಾಲು ಕರೆಯುತ್ತಿದ್ದರು ಎಂದರು. ಪ್ರವಾದಿಯಾಗುವುದಕ್ಕೆ ಮುಂಚೆಯೇ ಊರಿನವರು ಅವರನ್ನು ನಂಬಿಗಸ್ತ ಎಂದೇ ಕರೆಯುತ್ತಿದ್ದರಂತೆ. ನಾಗೇಂದ್ರ ಅರ್ಧ ಕಿವಿಯಲ್ಲಿ ಕೇಳುತ್ತಾ ಮಿಂಬರನ್ನೇ ನೋಡುತ್ತಿದ್ದ. ಯಾರೋ ಅದಕ್ಕೆ ಮಲ್ಲಿಗೆ ಹಾರ ಬೇರೆ ಹಾಕಿದ್ದರು.

"ಒಂದು ದಿನ ಪ್ರವಾದಿಯವರು ಪೇಟೆಯಲ್ಲಿ ಹೋಗ್ತಾ ಇದ್ದರು," ಎಂದರು ಮೇಡಂ, ಪಾಠದ ದನಿಯಲ್ಲಿ. "ಒಬ್ಬ ವ್ಯಾಪಾರಿ ಕಾಳಿನ ರಾಶಿ ಹಾಕಿಕೊಂಡು ಕೂತಿದ್ದ. ಮೇಲೆಲ್ಲ ಚೆನ್ನಾಗಿ ಒಣಗಿದ ಕಾಳು. ಇವರು ರಾಶಿಯೊಳಗೆ ಕೈ ಹಾಕಿದರು. ಬೆರಳಿಗೆ ಹಸಿ ತಗುಲಿತು. ಇದೇನಪ್ಪ ಅಂತ ಕೇಳಿದರು. ಮಳೆಗೆ ನೆನೆದುಬಿಟ್ಟಿತು ಅಂದ. ಮಳೆ ಬಂದದ್ದು ಅವನ ತಪ್ಪಲ್ಲ ನೋಡಿ. ಹಾಗಿದ್ದರೆ ಹಸಿಯಾದದ್ದನ್ನು ಮೇಲೆ ಹಾಕಬಹುದಿತ್ತಲ್ಲ, ಜನಕ್ಕೆ ಕಾಣೋ ಹಾಗೆ, ಅಂದರು. ಮೋಸ ಮಾಡುವವನು ನಮ್ಮವನಲ್ಲ ಅಂದರು."

ನಾಗೇಂದ್ರನ ಕಿವಿ ಕಾದಿತು. ಮೇಡಂ ತನ್ನನ್ನೇ ನೋಡಿ ಹೇಳಿದರೇನೋ ಎನಿಸಿತು. ಇಲ್ಲ, ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಎದ್ದು ಹೋಗಿಬಿಡೋಣವೆಂದರೆ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಅವನ ಹೆಸರು ಕೂಗಿದರು. ಹಜ್ರತ್ ತಾವೇ ಎದ್ದು, ಮಂಡಿ ಹಿಡಿದುಕೊಂಡು ನಿಂತು, ಅವನಿಗೆ ಶಾಲು ಹೊದಿಸಿದರು. ಮೈಕು ಹಿಡಿದಿದ್ದ ಕಾಲೇಜಿನ ಲೆಕ್ಚರರು, "ನಮ್ಮ ಆಚಾರ್ಯರು ಎರಡು ಮಾತಾಡಬೇಕು," ಎಂದು ಅದನ್ನು ಅವನ ಬಾಯಿಗೆ ಹಿಡಿದರು. ನಾಗೇಂದ್ರ ಹುಟ್ಟಿದ ಮೇಲೆ ಮೈಕಿನಲ್ಲಿ ಮಾತಾಡಿದವನಲ್ಲ.

"ಎರಡ್ನೇ ಮೆಟ್ಲು," ಎಂದ. ತನ್ನದೇ ದನಿ ಗೋಡೆಗೆ ಬಡಿದು ವಾಪಸು ಬಂತು. "ಒಳ್ಗೆ ಅಸಿ ಐತೆ."

ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಲೆಕ್ಚರರು ಚುರುಕು. "ಒಳಗೆ ಹಸಿ ಇದೆ, ಅಂದರೆ ಮನಸ್ಸು ಆರ್ದ್ರವಾಗಿದೆ ಎಂದು ಆಚಾರ್ಯರು ಎಷ್ಟು ಸರಳವಾಗಿ ಹೇಳಿದರು," ಎಂದುಬಿಟ್ಟರು. ಮಸೀದಿ ತುಂಬ ಚಪ್ಪಾಳೆ ಬಿತ್ತು. ನಾಗೇಂದ್ರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೇಳಿದ್ದಾಯಿತು, ಕೇಳಿದವರಿಲ್ಲ, ಇಲ್ಲಿಗೇ ಬಿಡಬಹುದು ಎಂದು ಒಂದು ಮನಸ್ಸು ಹೇಳಿತು. ತಲೆ ಎತ್ತಿದರೆ, ಖಲಂದರ್ ಸಾಹೇಬರು ಚಪ್ಪಾಳೆ ತಟ್ಟದೆ ಅವನನ್ನೇ ನೋಡುತ್ತಿದ್ದರು.

ಜನ ಊಟಕ್ಕೆ ಹಿಂದಿನ ಶಾಮಿಯಾನದ ಕಡೆ ಹೋದರು. ಸಾಹೇಬರು ಹತ್ತಿರ ಬಂದರು.

"ಅದೇನಂದ್ರಿ ಮೈಕಲ್ಲಿ?"

ನಾಗೇಂದ್ರ ಹೇಳಿದ. ಹುಳು, ಸಾಮಿಲ್ಲು, ಹಲಗೆ, ಎಲ್ಲ.

"ಮೂರು ಜುಮ್ಮಾ," ಎಂದರು ಸಾಹೇಬರು. "ಮೂರು ಶುಕ್ರವಾರ ಹಜ್ರತ್‌ನ ಅದರ ಮೇಲೆ ಹತ್ಸಿದ್ವಲ್ಲ ಆಚಾರ್ರೇ. ಮರ ಅಳ್ತದೆ ಅಂತ ಊರೆಲ್ಲ ಹೇಳ್ಕಂಡು ಬಂದೆ ನಾನು." ಮಿಂಬರಿನ ಕಡೆ ಕೈ ತೋರಿಸಿದರು. "ಬೇಕಂತ್ಲೇ ಮಾಡಿದ್ರಾ?"

ಯಾವ ಪ್ರಶ್ನೆಗೆ ಹೆದರಿ ಕಳೆದ ಶುಕ್ರವಾರದಿಂದ ನಿದ್ದೆಗೆಟ್ಟಿದ್ದನೋ ಅದು ಎದುರಿಗೇ ಬಂದು ನಿಂತಿತ್ತು.

"ಬೇಕಂತ ಅಲ್ಲ ಸಾಬ್ರೇ," ಎಂದ ನಾಗೇಂದ್ರ. "ಆದ್ರೆ ಗೊತ್ತಿದ್ದೇ ಮಾಡ್ದೆ."

ಶಾಲು ತೆಗೆದು ಮಡಿಸಿ ಚಾಚಿದ. ಸಾಹೇಬರು ಅದನ್ನು ಮುಟ್ಟಲೂ ಇಲ್ಲ, ಬೇಡವೆನ್ನಲೂ ಇಲ್ಲ. ತಿರುಗಿ, ಗೋಡೆಗೊರಗಿ ಕೂತಿದ್ದ ಹಜ್ರತ್ ಹತ್ತಿರ ಹೋಗಿ ಉರ್ದುವಿನಲ್ಲಿ ಬಹಳ ಹೊತ್ತು ಮಾತಾಡಿದರು. ನಾಗೇಂದ್ರ ಚಾಚಿದ ಕೈಯನ್ನು ಯಾವಾಗ ಇಳಿಸಬೇಕೆಂದು ತಿಳಿಯದೆ ನಿಂತಿದ್ದ. ಹಜ್ರತ್ ಮಿಂಬರನ್ನು ನೋಡಿದರು, ತಮ್ಮ ಮಂಡಿ ನೋಡಿಕೊಂಡರು, ಆಮೇಲೆ ತಮಗೆ ಬರುವ ನಾಲ್ಕು ಮಾತಿನ ಕನ್ನಡದಲ್ಲಿ ಕೇಳಿದರು:

"ಒಣಗಿದ್ದು ಹಾಕೋಕೆ ಎಷ್ಟು ಜುಮ್ಮಾ ಬೇಕು?"

"ಎರಡು, ಹಜ್ರತ್. ಒಣ್ಗಿದ್ದು ಬ್ಯಾರೆ ಕಡೆ ಉಡುಕಿ ತರ್ಬೇಕು."

"ಅಲ್ಲಿವರೆಗೂ ನಾನು ಕೆಳಗೆ ನಿಲ್ತೀನಿ. ತೆಗೀರಿ."

ನಾಗೇಂದ್ರ ಕಂಬದ ಹಿಂದಿನ ಚೀಲ ತಂದ. ಶಾಲನ್ನು ಎಲ್ಲಿಡುವುದೆಂದು ತಿಳಿಯದೆ ಹೆಗಲ ಮೇಲೇ ಹಾಕಿಕೊಂಡು ಮಲ್ಲಿಗೆ ಹಾರ ಬಿಡಿಸಿದ. ತೇಗದ ಹಲಗೆಯ ಸಂದಿಗೆ ಉಳಿ ಕೊಟ್ಟು ಕೊಡತಿಯಿಂದ ತಟ್ಟಿದ. ತಾನೇ ಒಪ್ಪವಾಗಿ ಕೂರಿಸಿದ ಹಲಗೆ ಸುಲಭಕ್ಕೆ ಬಿಡಲಿಲ್ಲ. ಖಲಂದರ್ ಸಾಹೇಬರು ಸ್ವಲ್ಪ ಹೊತ್ತು ದೂರ ನಿಂತು ನೋಡಿದರು. ಆಮೇಲೆ ಬಂದು, ಮುಖ ಬೇರೆ ಕಡೆ ತಿರುಗಿಸಿಕೊಂಡೇ, ಹಲಗೆಯ ಇನ್ನೊಂದು ಕೊನೆ ಹಿಡಿದರು. ಅದು ಎದ್ದಾಗ ಒಳಗಿನಿಂದ ಹಸಿ ಮರದ ಒಗರು ವಾಸನೆ ಬಂತು. ಹೊನ್ನೆಯ ತುಂಡು ಒಂದು ಕಡೆ ಬೆರಳು ತೂರುವಷ್ಟು ಕಚ್ಚಿನಿಂದ ಸರಿದಿತ್ತು. ಇನ್ನೊಂದು ಶುಕ್ರವಾರ ತಡೆಯುತ್ತಿತ್ತೋ ಇಲ್ಲವೋ.

ಅದನ್ನು ಹೊತ್ತು ಹೊರಗೆ ಬಂದ. ಮಸೀದಿಯ ಪಕ್ಕದಲ್ಲಿ ಸೌದೆ ಒಟ್ಟುವ ಕೊಟ್ಟಿಗೆಯಿತ್ತು. ಅಲ್ಲಿ ಎಸೆದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಒಂದು ಗಳಿಗೆ ಆ ಕಡೆ ನೋಡಿ, ಜನ ಚಪ್ಪಲಿ ಬಿಟ್ಟಿದ್ದ ಜಗಲಿಯ ಮೇಲೆ, ಬಿಸಿಲು ಬಿದ್ದ ಜಾಗದಲ್ಲಿ ತುಂಡನ್ನು ಇಳಿಸಿ ಪಕ್ಕದಲ್ಲಿ ಕೂತ.

ಊಟ ಮುಗಿಸಿ ಮೊದಲು ಬಂದವರು ಶಾರದ ಮೇಡಂ. ಚಪ್ಪಲಿ ಹುಡುಕುತ್ತಾ ನಿಂತರು.

"ಇದೇನೋ ನಾಗೇಂದ್ರ?"

"ಅಸಿ ಮರ, ಮೇಡಂ. ಮಿಂಬರಿನ ಒಳ್ಗಿತ್ತು. ನಾನೇ ಆಕಿದ್ದೆ."

ಮೇಡಂ ಬಗ್ಗಿ ಮರದ ಮೇಲೆ ಕೈಯಿಟ್ಟರು. ತೆಗೆದಾಗ ಬೆರಳ ತುದಿಗಳಿಗೆ ಹೊನ್ನೆಯ ಹಳದಿ ಮೆತ್ತಿತ್ತು. ಸೆರಗಿನಿಂದ ಒರೆಸಿಕೊಳ್ಳದೆ ಅದನ್ನೇ ನೋಡುತ್ತಾ ಮೆಟ್ಟಿಲಿಳಿದರು. ಹಿಂದೆಯೇ ಲೆಕ್ಚರರು ಬಂದರು, ಅವರ ಹಿಂದೆ ಏಳೆಂಟು ಜನ, ಎಲೆಯಡಿಕೆ ಮೆಲ್ಲುತ್ತಾ.

"ಏನ್ರೀ ಅದು?" ಎಂದು ಲೆಕ್ಚರರು ಬಗ್ಗಿದರು.

ನಾಗೇಂದ್ರ ತುಂಡನ್ನು ಹೊರಳಿಸಿ, ಹಸಿ ಇದ್ದ ಮುಖವನ್ನು ಮೇಲೆ ಮಾಡಿ ಇಟ್ಟ.