ಮೊಣಕಾಲಿನ ಕೆಳಗಿನ ದಿಂಬು

ಸ್ವಪ್ನಾ ಬ್ಲೇಡಿನ ತುದಿಯಿಂದ ಹೊಲಿಗೆ ಬಿಚ್ಚುತ್ತಿದ್ದಳು. ಒಂದು ಹೊಲಿಗೆ ಕತ್ತರಿಸುವುದು, ದಾರ ಎಳೆಯುವುದು, ಕಾಲ ಬಳಿಯ ಡಬ್ಬಕ್ಕೆ ಹಾಕುವುದು, ಮತ್ತೊಂದಕ್ಕೆ ಕೈ ಹಚ್ಚುವುದು. ಅಂಗಡಿಯ ಇನ್ನೊಂದು ತುದಿಯಲ್ಲಿ ಅಕ್ಕನ ಗಂಡ ದುರ್ಗೇಶ ಬೈಕಿನ ಸೀಟಿಗೆ ರೆಕ್ಸಿನ್ ಎಳೆದು ಬಿಗಿಯುತ್ತಿದ್ದ. ತೀರ್ಥಹಳ್ಳಿಯ ಆಸ್ಪತ್ರೆಯಿಂದ ದಿಂಬುಗಳು ಎರಡನೇ ಸಲವೂ ವಾಪಸ್ ಬಂದಿದ್ದವು.

ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದಿರುವ ಈ ಅಂಗಡಿಯಲ್ಲಿ ಜೀಪು, ಬೈಕು, ಬಸ್ಸುಗಳ ಸೀಟು ಹೊಲಿಯುತ್ತಾರೆ. ಶಾಲೆ ಬಿಟ್ಟಾಗಿನಿಂದ ಸ್ವಪ್ನಾಳ ದಿನಗಳು ಇಲ್ಲೇ ಕಳೆದಿವೆ. ಆಸ್ಪತ್ರೆಯ ಆಂಬುಲೆನ್ಸಿಗೆ ಸೀಟು ಹಾಕಿಕೊಟ್ಟಿದ್ದಕ್ಕೆ ಅವರೇ ಕೇಳಿದ್ದರು: ಆಪರೇಷನ್ ಟೇಬಲ್ಲಿನ ಕಾಲಿನ ದಿಂಬುಗಳು ಹರಿದುಹೋಗಿವೆ, ಮಾಡಿಕೊಡ್ತೀರಾ? ಟೇಬಲ್ಲಿನ ಕೊನೆಯಲ್ಲಿ ಎರಡು ಕಬ್ಬಿಣದ ತೋಳುಗಳು, ಅವುಗಳ ತುದಿಗೆ ದೋಣಿಯ ಆಕಾರದ ತಟ್ಟೆಗಳು. ಗರ್ಭಕೋಶದ ಆಪರೇಷನ್ನಿಗೆ ಬಂದ ಹೆಂಗಸರ ಕಾಲನ್ನು ಎತ್ತಿ ಆ ತಟ್ಟೆಯಲ್ಲಿಟ್ಟು ಪಟ್ಟಿ ಕಟ್ಟುತ್ತಾರೆ. ತಟ್ಟೆಗೂ ಕಾಲಿಗೂ ನಡುವೆ ಇರಬೇಕಾದ್ದು ಈ ದಿಂಬು. ದುರ್ಗೇಶ ತಕ್ಷಣ ಒಪ್ಪಿಕೊಂಡು ಕೆಲಸವನ್ನು ಸ್ವಪ್ನಾಳಿಗೆ ಹಚ್ಚಿದ. ಬರುವ ಗುರುವಾರ ಅದೇ ಟೇಬಲ್ಲಿನ ಮೇಲೆ ಅವಳ ಅಮ್ಮ ಗುತ್ಯಮ್ಮ ಮಲಗಬೇಕಿತ್ತು.

ಅಮ್ಮನಿಗೆ ಎಂದುಕೊಂಡೇ ಸ್ವಪ್ನಾ ಮೊದಲ ಸಲ ಸಾಗರದಿಂದ ತರಿಸಿದ ಅತಿ ಮೆತ್ತನೆಯ ಫೋಮ್ ಹಾಕಿದ್ದಳು. ಕೆನ್ನೆಗೆ ಒತ್ತಿಕೊಂಡರೆ ನಿದ್ದೆ ಬರುವ ಹಾಗಿತ್ತು. ವಾರದೊಳಗೆ ಆಪರೇಷನ್ ಥಿಯೇಟರಿನ ಸರೋಜ ಸಿಸ್ಟರ್ ಫೋನ್ ಮಾಡಿದರು. "ಕಾಲಿಟ್ಟು ಅರ್ಧ ಗಂಟೆಗೆ ನಿಮ್ಮ ದಿಂಬು ಅಪ್ಪಚ್ಚಿ. ಕಾಲು ಸೀದಾ ತಗಡಿನ ಮೇಲೇ ಕೂರ್ತದೆ."

ಎರಡನೇ ಸಲ ಗಟ್ಟಿ ಫೋಮ್. ಆ ದಿಂಬಿನ ಮೇಲೆ ಸಿಸ್ಟರ್ ಪೆನ್ನಿನಲ್ಲಿ ಸುತ್ತು ಹಾಕಿ ಕಳಿಸಿದ್ದರು. ಸುತ್ತಿನೊಳಗೆ ಇದ್ದದ್ದು ಪೈಪಿಂಗ್, ಅಂಚಿನ ಉದ್ದಕ್ಕೂ ಹಗ್ಗ ಮಡಿಚಿಟ್ಟು ಹೊಲಿಯುವ ಕೆಂಪು ದಂಡೆ. "ಮೊಣಕಾಲಿನ ಹೊರಮಗ್ಗುಲಲ್ಲಿ ಚರ್ಮದ ಕೆಳಗೇ ಒಂದು ನರ ಹೋಗ್ತದೆ. ನಿಮ್ಮ ಹಗ್ಗ ಸರಿಯಾಗಿ ಅಲ್ಲೇ ಒತ್ತಿದೆ. ಆಪರೇಷನ್ ಆದ ಹೆಂಗಸಿಗೆ ಪಾದ ಎತ್ತೋಕೆ ಆಗ್ಲಿಲ್ಲ. ಮರುದಿನ ಸರಿಹೋಯ್ತು, ಪುಣ್ಯ," ಎಂದಿದ್ದರು ಫೋನಿನಲ್ಲಿ.

ಹುಲಿಕಲ್ ಘಾಟಿ ಇಳಿಯುವ ಜೀಪುಗಳಲ್ಲಿ ಕೆಂಪು ದಂಡೆ ಕಂಡರೆ ಅದು ದುರ್ಗೇಶನ ಸೀಟು ಎಂದೇ ಲೆಕ್ಕ. ಆದರೆ ದಿಂಬಿಗೆ ಪೈಪಿಂಗ್ ಹಾಕು ಎಂದು ಅವನು ಹೇಳಿರಲಿಲ್ಲ. ಅವಳ ಕೈ ತಾನಾಗಿಯೇ ಹಾಕಿತ್ತು. ಅದಕ್ಕೇ ಅವಳಿಗೆ ತನ್ನ ಕೈಗಳ ಮೇಲೇ ಸಿಟ್ಟು.

"ಬಾವ, ಈ ಸಲ ಪೈಪಿಂಗ್ ಬೇಡ," ಎಂದಳು ಕೊನೆಗೆ.

"ಪೈಪಿಂಗ್ ಇಲ್ದಿದ್ರೆ ಅದು ಗೋಣಿಚೀಲ."

"ಮೇಲೆ ಹಸಿರು ಬಟ್ಟೆ ಹಾಸ್ತಾರಂತೆ. ಯಾರಿಗೂ ಕಾಣಲ್ಲ."

"ನಂಗೆ ಗೊತ್ತಿರ್ತದಲ್ಲ," ಎಂದ ದುರ್ಗೇಶ. ರೆಕ್ಸಿನ್ನಿನ ಅಂಚು ಎಳೆದು ಬಿಗಿಯುತ್ತ, "ಏನಾದ್ರೂ ಮಾಡ್ಕೊ. ಮೂರನೇ ಸಲ ಬಂದ್ರೆ ಮಾತ್ರ ನಂಗೆ ತೋರಿಸ್ಬೇಡ," ಎಂದ.

ಅಷ್ಟರಲ್ಲಿ ಜೀಪು ಓಡಿಸುವ ಕೆರಿಯಪ್ಪ ಎಲೆಯಡಿಕೆ ಹಾಕಿಕೊಂಡು ಒಳಗೆ ಬಂದ. ಸ್ವಪ್ನಾ ಅವನನ್ನು ಬೆಂಚಿನ ಮೇಲೆ ಮಲಗಿಸಿ, ಆಸ್ಪತ್ರೆಯ ತಟ್ಟೆಯ ಹಾಗೆ ಬಗ್ಗಿಸಿದ ತಗಡಿನ ಮೇಲೆ ಹೊಸ ಫೋಮ್ ಇಟ್ಟು, ಅದರ ಮೇಲೆ ಅವನ ಕಾಲು ಎತ್ತಿಟ್ಟಳು.

"ಅಲ್ಲಾಡ್ಬೇಡ ಮಾವ."

"ಇಲ್ಲ ಮಾರಾಯ್ತಿ." ಹೇಳುತ್ತಲೇ ಹಿಮ್ಮಡಿ ಜರುಗಿಸಿದ. ಆಮೇಲೆ ಸೊಂಟ. ಆಮೇಲೆ ತೊಡೆ ಕೆರೆದುಕೊಂಡ.

"ಅಲ್ಲಾಡ್ಬೇಡ ಅಂದ್ನಲ್ಲ."

"ಹೆಣದ ಹಾಗೆ ಬಿದ್ಕೊಳ್ಳೋಕೆ ನಂಗಿನ್ನೂ ಟೈಮಿದೆ. ನಿನ್ನ ಬಾವನ್ನ ಮಲಗ್ಸು, ಅಂವ ಎದ್ದಿದ್ದಾಗ್ಲೂ ಮಲಗಿದ ಹಾಗೇ ಇರ್ತಾನೆ."

ದುರ್ಗೇಶ ನಕ್ಕ. ಸ್ವಪ್ನಾ ನಗಲಿಲ್ಲ. ಅವಳು ಕೆರಿಯಪ್ಪನ ಕಾಲನ್ನೇ ನೋಡುತ್ತಿದ್ದಳು. ಒತ್ತಿದ ಕಡೆಯಿಂದ ಅದು ತಾನಾಗಿ ಸರಿಯುತ್ತಿತ್ತು, ಅವನಿಗೆ ಗೊತ್ತೇ ಆಗದ ಹಾಗೆ. ಇಷ್ಟು ವರ್ಷ ಅವಳು ಹೊಲಿದ ಸೀಟುಗಳೆಲ್ಲ ಒಳ್ಳೆಯ ಸೀಟು ಅನ್ನಿಸಿಕೊಂಡದ್ದು ಕೂತವರು ಹೀಗೆ ಸರಿದು ಕೂತಿದ್ದರಿಂದ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕಾಲು ಮರಗಟ್ಟಿದ ಮೇಲೆ ಅಮ್ಮ ಸರಿಯುವುದಿಲ್ಲ. ನೋಯುತ್ತಿದೆ ಎಂದು ಅವಳಿಗೆ ತಿಳಿಯುವುದೂ ಇಲ್ಲ.

"ಬಾವ, ಆ ಟೇಬಲ್ ಒಂದ್ಸಲ ನೋಡ್ಬೇಕಿತ್ತು."

"ಸಿಸ್ಟರ್ ಕಳಿಸಿದ ಫೋಟೋ ಇದೆಯಲ್ಲ."

"ಫೋಟೋದಲ್ಲಿ ಮೊಣಕಾಲು ಎಲ್ಲಿಗೆ ಬರ್ತದೆ ಅಂತ ಕಾಣಲ್ಲ."

"ಥಿಯೇಟರ್ ಒಳಗೆ ನಮ್ಮನ್ನೆಲ್ಲ ಬಿಡ್ತಾರಾ? ಸುಮ್ನಿರು."

ಅವಳು ಸುಮ್ಮನಾದಳು. ಅದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಹಲ್ಲು ಕಚ್ಚಿಕೊಂಡೇ ಮೂರನೇ ಜೋಡಿ ಹೊಲಿದಳು. ಕೆಳಗೆ ಗಟ್ಟಿ ಪದರ, ಮೇಲೆ ಮೆತ್ತನೆಯದು, ಹೊಲಿಗೆಯೆಲ್ಲ ಅಡಿಗೆ. ಹೊರಮಗ್ಗುಲಲ್ಲಿ ನರಕ್ಕೆಂದು ಒಂದು ತಗ್ಗು ಬಿಡಬೇಕಿತ್ತು. ಎಲ್ಲಿ ಬಿಡಬೇಕೆಂದು ಗೊತ್ತಿರಲಿಲ್ಲ. ತನ್ನ ಕಾಲಿನ ಅಳತೆ ಹಿಡಿದು ಒಂದು ಕಡೆ ಕೆತ್ತಿದಳು, ಬರೀ ಅಂದಾಜಿನ ಮೇಲೆ. ಜೀಪಿನ ಸೀಟಾಗಿದ್ದರೆ ಅಂದಾಜು ಸಾಕಾಗುತ್ತಿತ್ತು.

ಬುಧವಾರ ಸ್ವಪ್ನಾ, ದುರ್ಗೇಶ ಇಬ್ಬರೂ ಅಮ್ಮನನ್ನು ಅಡ್ಮಿಟ್ ಮಾಡಲು ಹೊರಟಾಗ ದಿಂಬುಗಳೂ ಬಸ್ಸು ಹತ್ತಿದವು. ಕೋಣಂದೂರು ದಾಟಿದ ಮೇಲೆ ಗುತ್ಯಮ್ಮ ಕೈಚೀಲದೊಳಗೆ ಇಣುಕಿ ನೋಡಿದಳು. "ಮಗಳು ಹೊಲ್ದ ದಿಂಬು. ನಂಗೆ ಇಂಜೆಕ್ಷನ್ನೇ ಬೇಡ, ಹಾಗೇ ನಿದ್ದೆ ಹೋಗ್ತೀನಿ."

"ಸುಮ್ನೆ ಕೂರಮ್ಮ."

"ಇದ್ಯಾಕೆ ಮುಖ ಹೀಗೆ? ನಿಂಗಾ ನಂಗಾ ಆಪರೇಷನ್ನು?"

ಅಮ್ಮನನ್ನು ವಾರ್ಡಿನಲ್ಲಿ ಮಲಗಿಸಿ ಸ್ವಪ್ನಾ, ದುರ್ಗೇಶ ಇಬ್ಬರೂ ಥಿಯೇಟರಿನ ಬಾಗಿಲಿಗೆ ಬಂದರು. ಸರೋಜ ಸಿಸ್ಟರ್ ಹೊರಗೆ ಬಂದು ದಿಂಬನ್ನು ಹೆಬ್ಬೆರಳಿನಿಂದ ಒತ್ತಿದರು. "ಹಾಂ, ಇದು ಚೆನ್ನಾಗಿದೆ." ಆ ಕಡೆ ಹಾದುಹೋಗುತ್ತಿದ್ದ ಡಾಕ್ಟರ್ ಮಧುಸೂದನ ಕೂಡ ನಿಂತು ಒತ್ತಿದರು. "ಸಾಕು, ಆಗ್ತದೆ." ದುರ್ಗೇಶ ಕೈ ಮುಗಿದ.

ಮೊದಲ ಜೋಡಿಯನ್ನೂ ಹೀಗೇ ಹೆಬ್ಬೆರಳಿನಲ್ಲಿ ಒತ್ತಿ ಮೆಚ್ಚಿಕೊಂಡಿದ್ದರು. ಎರಡನೆಯದನ್ನೂ. ಹೇಳಬೇಕಾದ್ದನ್ನು ಸ್ವಪ್ನಾ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದಳು. ಸಿಸ್ಟರ್ ದಿಂಬುಗಳನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲು ತಳ್ಳಿದರು. ಡಾಕ್ಟರ ಫೋನ್ ರಿಂಗಾಯಿತು. ದುರ್ಗೇಶ ಚಪ್ಪಲಿ ಹುಡುಕುತ್ತಿದ್ದ.

"ಮೇಡಂ," ಎಂದಳು. ದನಿ ಚಿಕ್ಕದಾಯಿತು. ಮತ್ತೆ ಎಂದಳು, "ಮೇಡಂ, ನಾಳೆ ಅಮ್ಮನ್ನ ಮಲಗ್ಸೋ ಮೊದ್ಲು ಒಂದ್ಸಲ ನನ್ನನ್ನ ಆ ಟೇಬಲ್ ಮೇಲೆ ಮಲಗ್ಸಿ. ಕಾಲು ಕಟ್ಟಿ, ಅರ್ಧ ಗಂಟೆ ಹಾಗೇ ಬಿಡಿ. ಎಲ್ಲಿ ಒತ್ತುತ್ತದೆ ಅಂತ ನಾನು ಹೇಳ್ತೀನಿ."